ಚಂದ್ರನ ಫೋಟೋ, ಹೂವಿನಾಕೆಯ ಮಾತು

ಆ ಬುಧವಾರ ಮಧ್ಯಾಹ್ನ ನಾನು ಪಾಸ್‌ಪೋರ್ಟ್ ಸೈಜಿನ ಮೂವತ್ತೆರಡು ಫೋಟೋ ಕತ್ತರಿಸಿದೆ. ನಾಲ್ಕು ಹಾಳೆ, ನಾಲ್ಕೂ ಒಂದೇ ಕಾಲೇಜಿನ ಹುಡುಗಿಯರದು. ನಗುತ್ತಲೇ ಒಳಗೆ ಬಂದವರು ಸ್ಟೂಲಿನ ಮೇಲೆ ಕೂತಾಗ ಮಾತ್ರ ಗಂಭೀರವಾಗಿ, ಎದ್ದ ಕೂಡಲೇ ಮತ್ತೆ ನಕ್ಕರು. ನಮ್ಮ ಮನೆಯವರು ಒಬ್ಬೊಬ್ಬರಿಗೂ ಅದೇ ಮಾತು ಹೇಳಿದರು: “ಗಲ್ಲ ಸ್ವಲ್ಪ ಕೆಳಗೆ ಇಳಿಸಮ್ಮ. ಹಾಂ, ಅಷ್ಟೇ. ಕಣ್ಣು ಮುಚ್ಬೇಡ.” ಇಪ್ಪತ್ತಾರು ವರ್ಷ ನಾನು ಆ ಮಾತನ್ನು ಪರದೆಯ ಈಚೆ ಕೂತು ಕೇಳಿದ್ದೇನೆ. ಫ್ಯಾನಿನ ಸದ್ದಿನ ಹಾಗೆ, ಅದು ಕೇಳಿಸುತ್ತಿದೆ ಎಂದೇ ನನಗೆ ಗೊತ್ತಾಗುತ್ತಿರಲಿಲ್ಲ.

ಕತ್ರಿಗುಪ್ಪೆಯಲ್ಲಿ ನಮ್ಮದು ಚಿಕ್ಕ ಸ್ಟುಡಿಯೋ. ಮುಂದೆ ನನ್ನ ಮೇಜು, ಕತ್ತರಿಸುವ ಯಂತ್ರ, ಕಂಪ್ಯೂಟರು. ನೀಲಿ ಪರದೆಯ ಹಿಂದೆ ಅವರು, ಅವರ ಕ್ಯಾಮೆರಾ, ಎರಡು ಲೈಟು, ಒಂದು ಸ್ಟೂಲು. ಮದುವೆಯ ಕೆಲಸ ಬಿಟ್ಟು ಬಹಳ ವರ್ಷವಾಗಿತ್ತು. ಈಗ ಹೆಚ್ಚಾಗಿ ಬರುವುದು ಅರ್ಜಿಗಳಿಗೆ ಬೇಕಾದ ಫೋಟೋ, ಹಳೆಯ ಫೋಟೋ ಸರಿಮಾಡುವ ಕೆಲಸ, ಮತ್ತೆ ತೀರಿಕೊಂಡವರ ಫೋಟೋ. ಹನ್ನೊಂದನೇ ದಿನಕ್ಕೆ ಕಟ್ಟು ಹಾಕಿಸಿ ಹಾರ ಹಾಕಲು ಬೇಕಾದ ಆ ಫೋಟೋ ಕೇಳಿಕೊಂಡು ಬಂದವರನ್ನು ನಾವು ಮುಖ ನೋಡಿಯೇ ಗುರುತಿಸುತ್ತಿದ್ದೆವು. ಅವರನ್ನು ಯಾರು, ಯಾವಾಗ ಎಂದು ಕೇಳುತ್ತಿರಲಿಲ್ಲ. ಹೊರಡುವಾಗ “ಹೋಗಿ ಬನ್ನಿ” ಎನ್ನುತ್ತಲೂ ಇರಲಿಲ್ಲ. ಅಂಥ ಕೆಲಸಕ್ಕೆ ಮತ್ತೆ ಬನ್ನಿ ಎಂದು ಯಾರನ್ನೂ ಕರೆಯಬಾರದು. ಸುಮ್ಮನೆ ತಲೆ ಆಡಿಸಿ ಕಳಿಸಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಅವರು ನನಗೆ ಕಲಿಸಿದ ಮೊದಲ ಪಾಠ ಅದು.

ಸಂಜೆ ಐದೂವರೆಗೆ ಕಟ್ಟಡದ ಮಾಲೀಕರು ಬಂದರು. ದಿನವೂ ಬರುತ್ತಿದ್ದರು. ಪಕ್ಕದ ಹೋಟೆಲಿನಿಂದ ಎರಡು ಕಾಫಿಯನ್ನು ಮೂರು ಲೋಟ ಮಾಡಿಸಿಕೊಂಡು ಬಂದು, ಗಿರಾಕಿಗಳ ಬೆಂಚಿನ ಮೇಲೆ ಕೂರುವುದು ಅವರ ಪದ್ಧತಿ. ಹಳೇ ಕತ್ರಿಗುಪ್ಪೆ ಊರಿನ ಮನೆತನ ಅವರದು. ನಮ್ಮ ಸ್ಟುಡಿಯೋ ಇರುವ ಜಾಗ ಅವರ ಅಪ್ಪನ ಕಾಲದಲ್ಲಿ ರಾಗಿ ಕಣವಾಗಿತ್ತಂತೆ. ನಮ್ಮವರು ಅವರನ್ನು ಅಣ್ಣ ಎನ್ನುತ್ತಿದ್ದರು, ಅವರು ನಮ್ಮವರನ್ನು ಗುರು ಎನ್ನುತ್ತಿದ್ದರು.

ಅವರಿಬ್ಬರ ನಡುವೆ ಎರಡು ವರ್ಷದಿಂದ ಒಂದು ಜಗಳ ನಡೆದಿತ್ತು. ಮನುಷ್ಯ ಚಂದ್ರನ ಮೇಲೆ ಇಳಿದದ್ದು ನಿಜವೋ ಸುಳ್ಳೋ ಎಂಬುದೇ ಆ ಜಗಳ.

ಶುರುವಾದದ್ದು ಮಾಲೀಕರ ಫೋನಿಗೆ ಯಾರೋ ಕಳಿಸಿದ ವಿಡಿಯೋದಿಂದ. ಗಾಳಿಯೇ ಇಲ್ಲದ ಕಡೆ ಬಾವುಟ ಹೇಗೆ ಅಲ್ಲಾಡಿತು, ಆಕಾಶದಲ್ಲಿ ಒಂದಾದರೂ ನಕ್ಷತ್ರ ಯಾಕಿಲ್ಲ, ನೆರಳುಗಳು ಒಂದೊಂದು ದಿಕ್ಕಿಗೆ ಯಾಕೆ ಬಿದ್ದಿವೆ ಎಂದೆಲ್ಲ ಅದರಲ್ಲಿತ್ತು. ಎಲ್ಲ ಸ್ಟುಡಿಯೋದಲ್ಲಿ ತೆಗೆದದ್ದು ಎಂದು ಹೇಳಿ, ಮಾಲೀಕರು ನಮ್ಮ ನೀಲಿ ಪರದೆಯನ್ನು ತೋರಿಸಿ, “ಇಂಥದ್ರಲ್ಲೇ ಕಣಯ್ಯಾ” ಎಂದಿದ್ದರು.

ನಮ್ಮವರು ಬಾಯಲ್ಲಿ ಉತ್ತರ ಕೊಡಲಿಲ್ಲ. ಒಂದು ಸಂಜೆ ಕತ್ತಲಾಗುವ ಹೊತ್ತಿಗೆ ಮಾಲೀಕರನ್ನು ಮೇಲಿನ ತಾರಸಿಗೆ ಕರೆದುಕೊಂಡು ಹೋಗಿ, ಒಂದು ದೊಡ್ಡ ಲೈಟು ಹಾಕಿ, ಅವರ ಹಿಂದೆ ಎರಡು ಮೂರು ನಕ್ಷತ್ರ ಕಾಣುವ ಹಾಗೆ ನಿಲ್ಲಿಸಿ ಫೋಟೋ ತೆಗೆದರು. ಫೋಟೋದಲ್ಲಿ ಮಾಲೀಕರ ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಹಿಂದಿನ ಆಕಾಶ ಬರೀ ಕಪ್ಪು. ಬೆಳಕಿನಲ್ಲಿರುವ ಮುಖ ಸರಿಯಾಗಿ ಬರಬೇಕಾದರೆ ನಕ್ಷತ್ರ ಬಿಟ್ಟುಕೊಡಬೇಕು ಎಂದು ವಿವರಿಸಿದರು. ಮಾರನೇ ದಿನ ನೆರಳಿನ ಪಾಠ. ರಸ್ತೆ ಅಗೆದು ಹಾಕಿದ್ದ ಮಣ್ಣಿನ ಗುಡ್ಡೆಯ ಮೇಲೆ ಎರಡು ಕೋಲು ನೆಟ್ಟು, ಒಂದೇ ಸೂರ್ಯನಿಗೆ ಎರಡು ನೆರಳು ಬೇರೆ ಬೇರೆ ಕಡೆ ಹೋಗುವುದನ್ನು ತೋರಿಸಿದರು. ಬಾವುಟಕ್ಕೆ ಮೇಲುಗಡೆ ಅಡ್ಡ ಕಡ್ಡಿ ಇತ್ತು, ನೆಡುವಾಗ ಅಲ್ಲಾಡಿತು, ತಡೆಯಲು ಗಾಳಿ ಇಲ್ಲದ್ದರಿಂದ ಇನ್ನಷ್ಟು ಹೊತ್ತು ಅಲ್ಲಾಡಿತು ಎಂದರು.

ಮಾಲೀಕರು ಸೋತರು ಎಂದೇ ನಾನು ಅಂದುಕೊಂಡಿದ್ದೆ. ಅಷ್ಟರಲ್ಲಿ ನಮ್ಮವರೇ, “ಆದ್ರೆ ಅಣ್ಣ, ಈ ಫೋಟೋ ನೋಡಿ ನೀವು ನಂಬಬೇಕು ಅಂತ ನಾನು ಹೇಳಲ್ಲ. ಫೋಟೋ ಸಾಕ್ಷಿ ಅಲ್ಲ” ಎಂದರು.

“ಎಲಾ ಇವ್ನ. ನೀನು ಯಾವ ಪಾರ್ಟಿ ಗುರು?”

“ಹೋಗಿದ್ರು ಅನ್ನೋ ಪಾರ್ಟೀನೇ. ಆದ್ರೆ ಫೋಟೋ ನೋಡಿ ಅಲ್ಲ.”

ಅವರು ಹಾಗೆ ಹೇಳಲು ಕಾರಣವಿತ್ತು. ಕಣ್ಣು ಮುಚ್ಚಿದ್ದ ಎಷ್ಟೋ ಮುಖಗಳಿಗೆ ಅವರು ಬೇರೆ ಫೋಟೋದಿಂದ ಕಣ್ಣು ತಂದು ಕೂರಿಸಿದ್ದರು. ಬನಿಯನ್ ಹಾಕಿದ್ದವರಿಗೆ ಕೋಟು ತೊಡಿಸಿದ್ದರು. ಒಂದು ತಪ್ಪನ್ನಂತೂ ಅವರು ಮರೆಯಲೇ ಇಲ್ಲ. ಬನಶಂಕರಿಯ ಒಬ್ಬ ಯಜಮಾನರ ಹಳೆಯ ನೆಗೆಟಿವ್ ಅನ್ನು ಹಿಂದುಮುಂದಾಗಿ ಇಟ್ಟು ಪ್ರಿಂಟ್ ಮಾಡಿಬಿಟ್ಟಿದ್ದರು. ಎಡಗೆನ್ನೆಯ ಮಚ್ಚೆ ಬಲಕ್ಕೆ ಹೋಗಿತ್ತು, ಅಂಗಿಯ ಜೇಬೂ ಬಲಕ್ಕೆ. ಆ ಮನೆಯವರು ಆರು ವರ್ಷ ಆ ಫೋಟೋಕ್ಕೆ ಹೂ ಮುಡಿಸಿದರು, ಒಬ್ಬರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ನಮ್ಮವರಿಗೇ, ಏನೋ ಕೆಲಸಕ್ಕೆ ಆ ಮನೆಗೆ ಹೋದಾಗ. ನಾಚಿಕೆಯಿಂದ ತಪ್ಪೊಪ್ಪಿಕೊಂಡು, ಸರಿಯಾದದ್ದನ್ನು ಮಾಡಿಕೊಡುತ್ತೇನೆ ಎಂದರು. ಆ ಮನೆಯ ಅಜ್ಜಿ ಬೇಡವೆಂದರಂತೆ. ಇಷ್ಟು ವರ್ಷ ಇವರಿಗೇ ದೀಪ ಹಚ್ಚಿದ್ದೇನೆ, ಇನ್ನು ಈ ವಯಸ್ಸಿನಲ್ಲಿ ಇನ್ನೊಬ್ಬರಿಗೆ ಹಚ್ಚಲೇ ಎಂದು ಕೇಳಿದರಂತೆ.

ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯೇ ಎಡಬಲ ನೋಡದೆ ಒಪ್ಪಿಕೊಂಡಾಗ ಫೋಟೋದ ಸಾಕ್ಷಿಗೆ ಬೆಲೆ ಎಷ್ಟು ಎಂದು ನಮ್ಮವರು ಕೇಳುತ್ತಿದ್ದರು.

ನನಗೆ ಇದು ಒಪ್ಪಿಗೆಯಾಗುತ್ತಿರಲಿಲ್ಲ. ಸರ್ಕಾರವೇ ಫೋಟೋ ನೋಡಿ ಇವನು ಇವನೇ ಎಂದು ಒಪ್ಪುತ್ತದೆ, ಆ ಫೋಟೋ ಕತ್ತರಿಸುವ ನಾನು ಒಪ್ಪಬಾರದೇ ಎಂದು ವಾದಿಸುತ್ತಿದ್ದೆ. ಅದಕ್ಕವರು ಕಲ್ಲಿನ ಮಾತು ತೆಗೆಯುತ್ತಿದ್ದರು. ಚಂದ್ರನಿಂದ ಕಲ್ಲು ತಂದಿದ್ದಾರೆ. ಬೇರೆ ಬೇರೆ ದೇಶದವರು ಆ ಕಲ್ಲನ್ನು ಒಡೆದು, ಸುಟ್ಟು, ತೂಗಿ ನೋಡಿದ್ದಾರೆ. ಅಲ್ಲಿ ಇಟ್ಟು ಬಂದ ಕನ್ನಡಿಗೆ ಇಲ್ಲಿಂದ ಬಿಟ್ಟ ಬೆಳಕು ಇವತ್ತಿಗೂ ತಿರುಗಿ ಬರುತ್ತದೆ. ಆಗ ಪೈಪೋಟಿಯಲ್ಲಿದ್ದ ದೇಶದವರು ಸುಳ್ಳು ಎಂದು ಕೂಗಲಿಲ್ಲ. ಅವರಿಗಿಂತ ಹೆಚ್ಚು ಆಸೆ ಯಾರಿಗಿತ್ತು ಅದು ಸುಳ್ಳಾಗಲಿ ಎಂದು? ಫೋಟೋ ಒಬ್ಬಂಟಿ ಸಾಕ್ಷಿ, ಅದರ ಪಕ್ಕಕ್ಕೆ ಇನ್ನು ನಾಲ್ಕು ಜನ ಬಂದು ನಿಲ್ಲಬೇಕು ಎನ್ನುತ್ತಿದ್ದರು. ಕೊನೆಗೆ ಯಾವಾಗಲೂ ಒಂದೇ ಮಾತು: “ಹೋಗದೇ ಇದ್ದವನಿಗೆ ಸಿಗದೇ ಇರೋದು ಏನಾದ್ರೂ ತಂದಿದ್ದಾನಾ? ಅದನ್ನ ಕೇಳ್ಬೇಕು.”

ಆ ಬುಧವಾರ ಮಾಲೀಕರು ಹೊಸದೊಂದು ತಂದಿದ್ದರು. ನಮ್ಮ ದೇಶದ ನೌಕೆ ಚಂದ್ರನ ಸುತ್ತ ತಿರುಗುತ್ತಾ ಮೇಲಿನಿಂದ ತೆಗೆದ ಚಿತ್ರ, ಹಿಂದೆ ಮನುಷ್ಯರು ಇಳಿದಿದ್ದ ಜಾಗದ್ದು. ಅವರ ಅಳಿಯ ಕಳಿಸಿ, ಇನ್ನಾದರೂ ಒಪ್ಪಿಕೊಳ್ಳಿ ಮಾವ ಎಂದಿದ್ದನಂತೆ. ನಮ್ಮವರು ಅದನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದರು. ಬೂದು ನೆಲದ ಮೇಲೆ ಒಂದು ಸಣ್ಣ ಚುಕ್ಕೆ, ಚುಕ್ಕೆಗೊಂದು ನೆರಳು. ಇನ್ನೂ ದೊಡ್ಡದು ಮಾಡಿದರೆ ಬರೀ ಚೌಕ ಚೌಕ.

“ಇದೇನು ಸಾಸಿವೆ ಕಾಳು. ಇದು ಅವ್ರು ಬಿಟ್ಟು ಬಂದ ಗಾಡಿ ಅಂತ ಹೇಳ್ಬೇಕಾದ್ರೆ ಮೊದ್ಲೇ ನಂಬಿರ್ಬೇಕು” ಎಂದರು ಮಾಲೀಕರು.

ನಮ್ಮವರು ನಕ್ಕು, ಕುರ್ಚಿ ತಿರುಗಿಸಿ ಕೂತು, ಕುಂಟೆಯ ವಿಷಯ ಎತ್ತಿದರು. ಮಾಲೀಕರ ಹೊಲದ ಪಕ್ಕದಲ್ಲಿ ಹಿಂದೆ ಒಂದು ನೀರಿನ ಕುಂಟೆ ಇತ್ತಂತೆ. ಎಮ್ಮೆ ತೊಳೆದದ್ದು, ಈಜು ಕಲಿತದ್ದು ಎಲ್ಲ ಅಲ್ಲೇ. ಈಗ ಅಲ್ಲಿ ನಾಲ್ಕು ಮಹಡಿಯ ಮನೆಗಳಿವೆ. ಮೊಮ್ಮಕ್ಕಳು ಆ ಮಾತನ್ನು ನಂಬುವುದಿಲ್ಲ ಎನ್ನುವುದು ಮಾಲೀಕರ ದೊಡ್ಡ ದುಃಖ.

“ಅಣ್ಣ, ನಿಮ್ಮ ಕುಂಟೆದು ಒಂದು ಫೋಟೋ ಇದ್ಯಾ?”

“ಎಲ್ಲಿಂದ ಬರ್ಬೇಕು. ಆಗ ಯಾರ ಹತ್ರ ಕ್ಯಾಮೆರಾ ಇತ್ತು?”

“ಹಾಗಾದ್ರೆ ಕುಂಟೆ ಇರ್ಲಿಲ್ವಾ?”

ಮಾಲೀಕರು ಕಾಫಿ ಲೋಟ ಕೆಳಗಿಟ್ಟರು. ಆಮೇಲೆ, “ಬಾಯಿ ಮುಚ್ಚಿಸ್ಬಿಟ್ಟೆ ಅಂದ್ಕೋಬೇಡ ಮಗಾ, ನಾಳೆ ಬರ್ತೀನಿ” ಎಂದು ಎದ್ದು ಹೋದರು. ನಾವು ಏಳೂವರೆಗೆ ಬಾಗಿಲು ಹಾಕಿ, ಸೊಪ್ಪು ಕೊಂಡು ಮನೆಗೆ ನಡೆದೆವು. ಸೊಪ್ಪಿನಲ್ಲಿ ಮಣ್ಣು ಜಾಸ್ತಿ ಇತ್ತೆಂದು ನಾನು ಗೊಣಗಿದ್ದು ನೆನಪಿದೆ. ಬೇರೇನೂ ಇಲ್ಲ.

ಗುರುವಾರ ಬೆಳಿಗ್ಗೆ ಅವರು ಫೋಟೋಗಳಿಗೆ ಕಟ್ಟು ಹಾಕುವ ಮರದ ಪಟ್ಟಿಗಳನ್ನು ತರಲು ಜಯನಗರ ನಾಲ್ಕನೇ ಬ್ಲಾಕಿಗೆ ಹೋದರು. ನಾನು ಸ್ಟುಡಿಯೋ ತೆಗೆದು ಕೂತಿದ್ದೆ. ಹನ್ನೊಂದರ ಹತ್ತಿರ ಅಂಗಡಿಯ ಫೋನಿಗೆ ಹೊಸ ನಂಬರಿನಿಂದ ಕರೆ ಬಂತು. ಒಬ್ಬ ಹೆಂಗಸು ಏದುಸಿರು ಬಿಡುತ್ತಾ, “ಅಕ್ಕ, ಇದು ಫೋಟೋ ಅಂಗಡಿನಾ?” ಎಂದರು.

ನಾನು, “ಹೌದು, ಪಾಸ್‌ಪೋರ್ಟ್ ಸೈಜಾ?” ಎಂದೆ.

ಆಕೆ ಹೇಳಿದರು. ಬಸ್ ಸ್ಟಾಪಿನ ಹತ್ತಿರ ಒಬ್ಬರು ಕುಸಿದುಬಿದ್ದರು, ಅವರ ಚೀಲದಲ್ಲಿ ಈ ನಂಬರು ಅಚ್ಚಾಗಿದ್ದ ಫೋಟೋ ಕವರು ಸಿಕ್ಕಿತು, ಆಟೋದಲ್ಲಿ ಆಸ್ಪತ್ರೆಗೆ ಬಂದಿದ್ದೇವೆ, ಬೇಗ ಬನ್ನಿ. ನಾನು ಮಾಲೀಕರ ಜೊತೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯ ನಿಂತಿತ್ತು, ದಾರಿಯಲ್ಲೇ ನಿಂತಿತ್ತು ಎಂದರು.

ಫೋನ್ ಮಾಡಿದಾಕೆ ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ನಮ್ಮವರ ಚೀಲ ತಬ್ಬಿಕೊಂಡು ಕೂತಿದ್ದರು. ಬಸ್ ಸ್ಟಾಪಿನಲ್ಲಿ ಹೂ ಮಾರುವವರು. ಸೆರಗಿನ ಮೇಲೆ ಕನಕಾಂಬರದ ಎಸಳು ಅಂಟಿಕೊಂಡಿತ್ತು. ನನ್ನ ಕೈ ಹಿಡಿದು, ತಾನು ಪಕ್ಕದಲ್ಲೇ ಇದ್ದೆ, ತಲೆ ತನ್ನ ತೊಡೆಯ ಮೇಲೇ ಇತ್ತು, ಎರಡು ಗುಟುಕು ನೀರು ಕುಡಿದರು, ನಿಮ್ಮನ್ನು ನೆನೆಸಿಕೊಂಡರು, ನಗುತ್ತಲೇ ಇದ್ದರು ಎಂದರು. ಚೀಲ ಕೊಟ್ಟು, ವ್ಯಾಪಾರ ಬಿಟ್ಟು ಬಂದಿದ್ದೇನೆ ಎಂದು ಹೊರಟರು. ಹೋಗಿ ಬರ್ತೀನಿ ಎನ್ನಲಿಲ್ಲ.

ಹನ್ನೊಂದನೇ ದಿನದ ಫೋಟೋವನ್ನು ನಾನೇ ಮಾಡಿದೆ. ಊರಿನವರಿಗೆಲ್ಲ ಫೋಟೋ ತೆಗೆದವರದ್ದು ಒಳ್ಳೆಯದೊಂದು ಸಿಗಲಿಲ್ಲ. ಹೊಸ ಲೈಟು ತಂದಾಗ ಬೆಳಕು ನೋಡಲು ಅವರೇ ಸ್ಟೂಲಿನ ಮೇಲೆ ಕೂತು, ನನ್ನಿಂದ ಬಟನ್ ಒತ್ತಿಸಿದ್ದ ಒಂದು ಚಿತ್ರ ಕಂಪ್ಯೂಟರಿನಲ್ಲಿತ್ತು. ಕಾಲರಿನ ಒಂದು ಬದಿ ಮೇಲೆದ್ದಿದೆ, ನನಗೇನೋ ಹೇಳಲು ಬಾಯಿ ಅರ್ಧ ತೆರೆದಿದೆ. ಹುಳಿಮಾವಿನಿಂದ ಬಂದ ಮಗಳು ಕಾಲರನ್ನು ಸರಿಮಾಡಮ್ಮ, ಎರಡು ನಿಮಿಷದ ಕೆಲಸ ಎಂದಳು. ನಾನು ಮಾಡಲಿಲ್ಲ. ಬೇರೆಯವರದ್ದಾಗಿದ್ದರೆ ಮಾಡುತ್ತಿದ್ದೆ.

ಆ ದಿನ ಬಂದವರನ್ನು ನೋಡಿ ನನಗೆ ಆಶ್ಚರ್ಯವಾಯಿತು. ಯಾವ ಯಾವುದೋ ಮನೆಯವರು, ನಾವು ಅವರ ಅಪ್ಪಂದಿರಿಗೆ, ಅಮ್ಮಂದಿರಿಗೆ ಫೋಟೋ ಮಾಡಿಕೊಟ್ಟವರು. ಬನಶಂಕರಿಯ ಅಜ್ಜಿಯೂ ಮಗನ ಭುಜ ಹಿಡಿದು ಬಂದಿದ್ದರು. ಫೋಟೋದ ಮುಂದೆ ಹೂ ಇಟ್ಟು, ಹೊರಡುವಾಗ ಒಬ್ಬೊಬ್ಬರೂ ಏನೂ ಹೇಳದೆ ನನಗೆ ತಲೆ ಆಡಿಸಿ ಹೋದರು. ನಾವು ಅವರನ್ನು ಕಳಿಸುತ್ತಿದ್ದದ್ದೂ ಹಾಗೆಯೇ. ಅವತ್ತು ಅವರೆಲ್ಲರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಎಲ್ಲರೂ ಹೋದ ಮೇಲೆ ನನಗೆ ಒಂದು ಅನುಮಾನ ಶುರುವಾಯಿತು.

ಹೂವಿನಾಕೆ ಹೇಳಿದ ಮಾತು ಬಹಳ ಚೆನ್ನಾಗಿತ್ತು. ಅದೇ ತೊಂದರೆ. ನಗುತ್ತಿದ್ದರು, ನಿಮ್ಮನ್ನು ನೆನೆಸಿಕೊಂಡರು ಎನ್ನುವುದನ್ನು ಯಾರಿಗೆ ಬೇಕಾದರೂ ಹೇಳಬಹುದು. ನಾನೂ ಗಿರಾಕಿಗಳಿಗೆ ಹೇಳಿದ್ದೇನೆ, ತೀರಾ ಅವರ ಹಾಗೇ ಬಂದಿದೆ ನೋಡಿ ಎಂದು. ಮುಖದ ಕಲೆ ಅಳಿಸಿ, ಕಣ್ಣಿಗೆ ಹೊಳಪು ಕೊಟ್ಟು ಕಳಿಸುವ ಕೆಲಸ ನನಗೆ ಗೊತ್ತು. ಆಕೆ ನನಗೆ ಅಂಥ ಫೋಟೋ ಒಂದನ್ನು ಮಾಡಿಕೊಟ್ಟರೇ ಅನ್ನಿಸಿತು. ನಿಜವಾಗಿ ಆಕೆ ಪಕ್ಕದಲ್ಲಿದ್ದರೇ, ಇಲ್ಲ, ಅವರು ಬಸ್ ಸ್ಟಾಪಿನ ಕಟ್ಟೆಯ ಮೇಲೆ ಒಬ್ಬರೇ ಒದ್ದಾಡಿ, ಆಮೇಲೆ ಜನ ಸೇರಿದರೇ? ನನಗೆ ಬೇಕಾಗಿದ್ದದ್ದು ಅಷ್ಟೇ. ಕೊನೆಗೆ ಅವರ ಹತ್ತಿರ ಯಾರಾದರೂ ಇದ್ದರೇ ಎಂಬುದು. ಅನ್ನಕ್ಕೆ ಕೂತರೆ, ಫೋಟೋ ಕತ್ತರಿಸಲು ಕೂತರೆ ಅದೇ ಪ್ರಶ್ನೆ. ಎರಡು ಸಲ ಜನರ ಕಿವಿ ಕತ್ತರಿಸಿಬಿಟ್ಟೆ, ಫೋಟೋದಲ್ಲಿ.

ಮಾಲೀಕರಿಗೆ ಹೇಳಿದೆ. ಅವರು ಕಾಫಿ ತರುವುದನ್ನು ನಿಲ್ಲಿಸಿರಲಿಲ್ಲ. ಆದರೆ ಎರಡೇ ಲೋಟ ತರುತ್ತಿದ್ದರು, ಚಂದ್ರನ ಮಾತು ಎತ್ತುತ್ತಿರಲಿಲ್ಲ. ಎಲ್ಲ ಕೇಳಿ, ಆ ಬಸ್ ಸ್ಟಾಪಿನ ಎದುರಿನ ಪಾತ್ರೆ ಅಂಗಡಿಯವರು ತಮಗೆ ಗೊತ್ತು, ಕೋಣನಕುಂಟೆಯ ತಮ್ಮ ನೆಂಟರ ಕಡೆಯವರು, ಅಂಗಡಿಗೆ ಕ್ಯಾಮೆರಾ ಇದೆ ಎಂದರು. ಫೋಟೋ ನಂಬದ ಮನುಷ್ಯ ನನಗಾಗಿ ಫೋಟೋ ಹುಡುಕಿಕೊಂಡು ಹೋದರು.

ಪಾತ್ರೆ ಅಂಗಡಿಯವರು ಅವತ್ತಿನದನ್ನು ಅಳಿಸಿರಲಿಲ್ಲ. ಯಾರಾದರೂ ಕೇಳಿಕೊಂಡು ಬರಬಹುದೆಂದು ತೆಗೆದಿಟ್ಟಿದ್ದರಂತೆ. ಒಳಗಿನ ಚಿಕ್ಕ ಕೋಣೆಯಲ್ಲಿ, ಕುಕ್ಕರುಗಳ ಡಬ್ಬಗಳ ನಡುವೆ ನಮ್ಮನ್ನು ಕೂರಿಸಿ, ನೀರು ಕೊಟ್ಟು, ತಾವು ಹೊರಗೆ ಹೋದರು.

ಶಬ್ದ ಇರಲಿಲ್ಲ. ಮೂಲೆಯಲ್ಲಿ ಗಂಟೆ ಓಡುತ್ತಿತ್ತು. ಹತ್ತೂ ಮೂವತ್ತೊಂಬತ್ತಕ್ಕೆ ಅವರು ಎಡಗಡೆಯಿಂದ ನಡೆದು ಬಂದರು. ಆ ನಡಿಗೆ ನೋಡಿಯೇ ನನಗೆ ಸಂತೋಷವಾಯಿತು. ಒಂದು ಕ್ಷಣ ಯಾಕೆ ನೋಡುತ್ತಿದ್ದೇನೆಂದೇ ಮರೆತೆ. ಪಟ್ಟಿಗಳ ಕಟ್ಟನ್ನು ಕಂಬಕ್ಕೆ ಒರಗಿಸಿ ಕಟ್ಟೆಯ ಮೇಲೆ ಕೂತರು. ಮುಖ ಒರೆಸಿಕೊಂಡರು. ಎಡಗೈಯನ್ನು ಎರಡು ಸಲ ಒದರಿದರು. ನಾಲ್ಕು ಹೆಜ್ಜೆ ದೂರದಲ್ಲಿ, ಛತ್ರಿಯ ಕೆಳಗೆ, ನಮಗೆ ಬೆನ್ನು ಮಾಡಿ ಹೂವಿನಾಕೆ ಮಾಲೆ ಕಟ್ಟುತ್ತಿದ್ದರು. ಅವರ ಕಡೆ ತಿರುಗಿಯೂ ನೋಡಲಿಲ್ಲ.

ಹತ್ತೂ ನಲವತ್ತಮೂರಕ್ಕೆ ಒಂದು ಬಸ್ಸು ಬಂದು ಅಡ್ಡ ನಿಂತಿತು. ಮುಂದೆ ಯಾವುದೋ ಲಾರಿ ಸಿಕ್ಕಿಕೊಂಡಿತ್ತು ಎಂದು ಕಾಣುತ್ತದೆ, ಬಸ್ಸು ಹೋಗಲೇ ಇಲ್ಲ. ಕಿಟಕಿಗಳಲ್ಲಿ ಜನ ಫೋನು ನೋಡುತ್ತಾ ಕೂತಿದ್ದರು. ಮೂರು ನಿಮಿಷ ನಾವು ಆ ಬಸ್ಸಿನ ಪಕ್ಕೆ ನೋಡಿದೆವು. ಬಸ್ಸು ಸರಿದಾಗ ನಾಲ್ಕೈದು ಜನ ಸುತ್ತ ನಿಂತಿದ್ದರು, ಜನರ ಕಾಲುಗಳ ನಡುವೆ ಅವರ ಚಪ್ಪಲಿ ಕಾಣುತ್ತಿತ್ತು. ಹೂವಿನಾಕೆ ಅವರ ಪಕ್ಕದಲ್ಲಿರಲಿಲ್ಲ. ರಸ್ತೆಯ ಅಂಚಿನಲ್ಲಿ ನಿಂತು ಆಟೋಗೆ ಕೈ ಬೀಸುತ್ತಿದ್ದರು.

“ಹೇಳಿದ್ನಲ್ಲ, ಆಕೆ ಹತ್ರ ಇರ್ಲೇ ಇಲ್ಲ” ಎಂದೆ.

ಮಾಲೀಕರು ಮತ್ತೊಮ್ಮೆ ಹಿಂದಕ್ಕೆ ಹಾಕಿ ನೋಡಿದರು. ಆಮೇಲೆ ಕನ್ನಡಕ ತೆಗೆದು ಅಂಗಿಯಿಂದ ಒರೆಸುತ್ತಾ ಹೇಳಿದರು: “ನೋಡಮ್ಮ, ಇದನ್ನ ನೋಡಿ ಆಯಮ್ಮ ಹತ್ರ ಇರ್ಲಿಲ್ಲ ಅನ್ನೋಕಾಗಲ್ಲ. ಇದ್ಲು ಅನ್ನೋಕೂ ಆಗಲ್ಲ. ಎರಡು ವರ್ಷ ಗುರು ನನ್ ತಲೆ ತಿಂದಿದ್ದು ಇದಕ್ಕೇ ತಾನೆ? ನಡಿ, ಕಲ್ಲು ಕೇಳೋಣ.”

ನನಗೆ ಮೊದಲು ಅರ್ಥವಾಗಲಿಲ್ಲ. ರಸ್ತೆ ದಾಟುವಾಗ ಅರ್ಥವಾಯಿತು, ಚಂದ್ರನ ಕಲ್ಲಿನಂಥದ್ದು ಆಕೆಯ ಹತ್ತಿರ ಇದೆಯೇ ಎಂದು ಕೇಳಬೇಕು.

ಹೂವಿನಾಕೆ ನನ್ನನ್ನು ನೋಡಿದ ಕೂಡಲೇ ಎದ್ದು ನಿಂತರು. ಪಕ್ಕದಲ್ಲಿ ಗೋಣಿ ಹಾಸಿ ಕೂರಿಸಿದರು. ನಾನು ಸುತ್ತಿ ಬಳಸಿ ಮಾತಾಡಲಿಲ್ಲ. ಅವರು ನನ್ನನ್ನು ನೆನೆಸಿಕೊಂಡರು ಅಂದಿರಲ್ಲ, ಏನಂದರು, ಅದೇ ಮಾತು ಹೇಳಿ ಎಂದೆ. ಆಕೆ ದಾರವನ್ನು ಬೆರಳಿಗೆ ಸುತ್ತುತ್ತಾ, ತಲೆ ತಗ್ಗಿಸಿ ಕೂತರು. ಆಮೇಲೆ ತಪ್ಪು ಒಪ್ಪಿಕೊಂಡರು. ನೆನೆಸಿಕೊಳ್ಳಲಿಲ್ಲ. ನಗಲೂ ಇಲ್ಲ. ನಿಮ್ಮ ಮುಖ ನೋಡಿ ಬಾಯಿಗೆ ಬಂದದ್ದು ಹೇಳಿದೆ, ಕ್ಷಮಿಸಿ ಎಂದರು. ನೀರು ಕೊಟ್ಟದ್ದು ನಿಜ, ಆದರೆ ಅದು ಗಂಟಲಿಗೆ ಇಳಿಯಲಿಲ್ಲ.

“ಬೇರೆ ಏನೂ ಮಾತಾಡ್ಲಿಲ್ವಾ?”

“ಮಾತಾಡಿದ್ರು ಅಕ್ಕ. ಹೇಳೋದು ಬೇಡ ಅಂತ ಇದ್ದೆ. ಏನೋ ಬುದ್ಧಿ ತಪ್ಪಿದ ಹಂಗೆ ಮಾತಾಡಿದ್ರು. ನಿಮ್ಗೆ ಬೇಜಾರಾಗುತ್ತೆ ಅಂತ.”

ಪರವಾಗಿಲ್ಲ, ಹೇಳಿ ಎಂದೆ.

“ತಲೆ ತೊಡೆ ಮೇಲೆ ಇಟ್ಕೊಂಡು ಬಗ್ಗಿ ನೋಡ್ತಾ ಇದ್ದೆ. ಕಣ್ಣು ಬಿಟ್ಟು ನನ್ನೇ ನೋಡಿದ್ರು. ನೋಡಿ, ಗಲ್ಲ ಸ್ವಲ್ಪ ಕೆಳಗೆ ಇಳಿಸಮ್ಮ ಅಂದ್ರು. ನಂಗೆ ಏನೂ ಗೊತ್ತಾಗ್ಲಿಲ್ಲ. ಸರಿ ಅಂತ ಇಳಿಸ್ದೆ. ಹಾಂ, ಅಷ್ಟೇ ಅಂದ್ರು. ಆಮೇಲೆ ಏನೂ ಹೇಳ್ಲಿಲ್ಲ. ನಾನು ಆಟೋ ನಿಲ್ಸೋಕೆ ಓಡಿದೆ.”

ನಾನು ಮಾಲೀಕರ ಕಡೆ ನೋಡಿದೆ. ಅವರು ಬೇರೆ ಕಡೆ ತಿರುಗಿ ನಿಂತು ಬಸ್ಸುಗಳ ನಂಬರು ಓದುತ್ತಿದ್ದರು.

ಆಕೆ ನಮ್ಮ ಸ್ಟುಡಿಯೋಕ್ಕೆ ಯಾವತ್ತೂ ಬಂದವರಲ್ಲ. ನಮ್ಮವರು ಸ್ಟೂಲಿನ ಮೇಲೆ ಕೂತವರಿಗೆ ಏನು ಹೇಳುತ್ತಿದ್ದರು ಎಂದು ಆಕೆಗೆ ತಿಳಿಯಲು ಬೇರೆ ದಾರಿಯೇ ಇರಲಿಲ್ಲ. ಅಲ್ಲಿಗೆ ಹೋಗದೇ ಇದ್ದವರಿಗೆ ಸಿಗದ ಮಾತು ಅದು. ಮೇಲಿನಿಂದ ಬಗ್ಗಿದ ಒಂದು ಮುಖ ಅವರಿಗೆ ಕಂಡಿತು, ಫ್ರೇಮಿನಲ್ಲಿ ಸರಿಯಾಗಿ ಕೂತಿರಲಿಲ್ಲ, ಸರಿಮಾಡಿದರು. ನೋವಿನಲ್ಲಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಒಬ್ಬರೇ ಇರಲಿಲ್ಲ ಎನ್ನುವುದು ಗೊತ್ತು. ಕೆಲಸದಲ್ಲಿದ್ದರು ಎನ್ನುವುದೂ ಗೊತ್ತು.

ನಾನು ಅಲ್ಲೇ ಗೋಣಿಯ ಮೇಲೆ ಕೂತು ಅತ್ತೆ. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ. ಹೂವಿನಾಕೆ ಗಾಬರಿಯಾಗಿ, ಹೇಳಬಾರದಿತ್ತು ಎಂದು ತಮ್ಮನ್ನೇ ಬೈದುಕೊಳ್ಳತೊಡಗಿದರು. ನಾನು ಆಕೆಯ ಎರಡೂ ಕೈ ಹಿಡಿದುಕೊಂಡೆ. ಹೂವಿನ ನೀರಿನಿಂದ ತಣ್ಣಗಿದ್ದವು. ಅದು ಅವರ ಬುದ್ಧಿ ತಪ್ಪಿದ ಮಾತಲ್ಲ ಎಂದು ವಿವರಿಸಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಅವರು ಹೇಳುತ್ತಿದ್ದದ್ದು ಅದನ್ನೇ ಎಂದೆ. ಆಕೆ, “ಹಂಗಾದ್ರೆ ನನ್ ಫೋಟೋ ತೆಗಿಯೋಕೆ ನೋಡಿದ್ರಾ ಅಕ್ಕ?” ಎಂದರು. ಹೌದು ಎಂದೆ. ಆಕೆ ಸೆರಗು ಸರಿಮಾಡಿಕೊಂಡರು.

ಇದಾಗಿ ಒಂದೂವರೆ ವರ್ಷವಾಯಿತು. ಸ್ಟುಡಿಯೋ ನಡೆಸುತ್ತಿದ್ದೇನೆ. ಪರದೆಯ ಹಿಂದೆ ನಾನೇ ನಿಲ್ಲುತ್ತೇನೆ. ಮೊದಮೊದಲು ಗಲ್ಲ ಇಳಿಸಿ ಎನ್ನಲು ಬಾಯಿ ಬರುತ್ತಿರಲಿಲ್ಲ, ಕೈಸನ್ನೆ ಮಾಡುತ್ತಿದ್ದೆ. ಈಗ ಹೇಳುತ್ತೇನೆ. ಕಳೆದ ತಿಂಗಳು ಹೂವಿನಾಕೆ ಯಾವುದೋ ಅರ್ಜಿಗೆ ಫೋಟೋ ಬೇಕೆಂದು ಬಂದರು. ಜಯನಗರದಲ್ಲಿ ಎಷ್ಟೋ ಸ್ಟುಡಿಯೋ ಇವೆ; ಎರಡು ಬಸ್ಸು ಹತ್ತಿ ನಮ್ಮಲ್ಲಿಗೇ ಬಂದರು. ಸ್ಟೂಲಿನ ಮೇಲೆ ಕೂತು, ನಾನು ಬಾಯಿ ತೆರೆಯುವ ಮೊದಲೇ ಗಲ್ಲ ಸ್ವಲ್ಪ ಕೆಳಗೆ ಇಳಿಸಿದರು. ಹೊರಡುವಾಗ ನಾನು ಬಾಗಿಲ ತನಕ ಬಂದು, “ಹೋಗಿ ಬನ್ನಿ” ಎಂದೆ.

ಮಾಲೀಕರು ಸಂಜೆ ಬರುತ್ತಾರೆ. ಚಂದ್ರನ ವಿಷಯ ಮತ್ತೆ ಶುರುವಾಗಿದೆ, ನಾನೇ ಶುರುಮಾಡಿದೆ. ಈಗ ನಮ್ಮವರ ಜಾಗದಲ್ಲಿ ಕೂತು ನಾನು ಕಲ್ಲಿನ ಬಗ್ಗೆ, ಕನ್ನಡಿಯ ಬಗ್ಗೆ ವಾದಿಸುತ್ತೇನೆ, ತಪ್ಪಾದರೆ ಮಾಲೀಕರೇ ತಿದ್ದುತ್ತಾರೆ, ಗುರು ಹಾಗೆ ಹೇಳುತ್ತಿರಲಿಲ್ಲ ಎಂದು. ಪೂರ್ತಿ ಒಪ್ಪಿಲ್ಲ. ಹೋಗಿದ್ದರೂ ಹೋಗಿರಬಹುದು ಬಿಡಮ್ಮ ಎನ್ನುವಷ್ಟಕ್ಕೆ ಬಂದಿದ್ದಾರೆ. ಅವರ ಕುಂಟೆಯನ್ನು ನಾನು ಪೂರ್ತಿ ನಂಬುತ್ತೇನೆ. ಎಮ್ಮೆಗಳು ಯಾವ ಕಡೆಯಿಂದ ನೀರಿಗೆ ಇಳಿಯುತ್ತಿದ್ದವು ಎಂದು ಅವರು ಪ್ರತಿ ಸಲವೂ ಒಂದೇ ರೀತಿ ಹೇಳುತ್ತಾರೆ.

ಈ ಇಬ್ಬರು ನನಗೆ ಏನೂ ಆಗಬೇಕಾದವರಲ್ಲ. ಒಬ್ಬರು ತೊಡೆ ಕೊಟ್ಟರು, ಇನ್ನೊಬ್ಬರು ಹಟ ಬಿಟ್ಟರು. ಪಾತ್ರೆ ಅಂಗಡಿಯವರು ಕೇಳದೆಯೇ ತೆಗೆದಿಟ್ಟಿದ್ದರು. ನಮ್ಮವರು ಬದುಕಿದ್ದಾಗ ಊರು ನಮಗೆ ಗಿರಾಕಿಯಾಗಿ ಮಾತ್ರ ಗೊತ್ತು ಎಂದುಕೊಂಡಿದ್ದೆ.

ಆ ಅಂಗಡಿಯವರು ಅವತ್ತಿನ ವಿಡಿಯೋ ಹಾಕಿ ಕೊಟ್ಟ ಪೆನ್ ಡ್ರೈವ್ ನನ್ನ ಮೇಜಿನ ಖಾನೆಯಲ್ಲಿದೆ. ಒಮ್ಮೊಮ್ಮೆ ಮಧ್ಯಾಹ್ನ ಗಿರಾಕಿ ಇಲ್ಲದಾಗ ಹಾಕಿ ನೋಡುತ್ತೇನೆ. ಎಡಗಡೆಯಿಂದ ನಡೆದು ಬರುತ್ತಾರೆ, ಕೂರುತ್ತಾರೆ, ಮುಖ ಒರೆಸಿಕೊಳ್ಳುತ್ತಾರೆ. ಬಸ್ಸು ಬರುವ ಮೊದಲು ನಿಲ್ಲಿಸುತ್ತೇನೆ. ಬಸ್ಸಿನ ಹಿಂದಿನ ಆ ಮೂರು ನಿಮಿಷ ಅದರಲ್ಲಿ ಇಲ್ಲ.